ಕರಿ ಕೋಟು ಹಾಕಿದ ಹನುಮಕ್ಕ

ನಮ್ಮ ಮನೆಯ ನಡುಮನೆಯ ಗೋಡೆಯಲ್ಲಿ ಮೂರು ಫೋಟೊಗಳಿವೆ. ಮೂರರಲ್ಲೂ ಗಂಡಸರು. ಮೂವರಿಗೂ ನಲವತ್ತು ವರ್ಷ, ಮೂವರ ಮೈಮೇಲೂ ಒಂದೇ ಕರಿ ಕೋಟು. ಮದುವೆಯಾಗಿ ಬಂದ ಹೊಸದರಲ್ಲಿ ನಾನು ಇವರೆಲ್ಲ ಅಣ್ಣತಮ್ಮಂದಿರಿರಬೇಕು, ಒಂದೇ ದಿನ ಹೋಗಿ ತೆಗೆಸಿಕೊಂಡಿರಬೇಕು ಅಂದುಕೊಂಡಿದ್ದೆ. ಅಲ್ಲವೇ ಅಲ್ಲ. ಒಬ್ಬರು ನಮ್ಮ ಮನೆಯವರ ತಾತ, ಇನ್ನೊಬ್ಬರು ದೊಡ್ಡಪ್ಪ, ಮೂರನೆಯವರು ನನ್ನ ಮಾವ. ಕೋಟು ಮಧುಗಿರಿಯ ಸ್ಟುಡಿಯೋದ್ದು.

ನಾನು ಅಶ್ವಿನಿ, ಬುಕ್ಕಾಪಟ್ಟಣದ ಕಡೆಯವಳು. ಬಾಯಿ ಜೋರು ಅಂತ ತವರಲ್ಲೇ ಹೆಸರು ತಗೊಂಡು ಬಂದವಳು. ಕೊಳಾಲದ ಹತ್ತಿರದ ಈ ಊರಿಗೆ ಕಾಲಿಟ್ಟ ಮೂರನೇ ದಿನವೇ ಅತ್ತೆಯನ್ನು ಕೇಳಿಬಿಟ್ಟೆ: ‘ಯಾಕತ್ತೆ, ಎಲ್ರೂ ಒಂದೇ ಕೋಟು ಹಾಕ್ಕೊಂಡವ್ರೆ?’

ಅತ್ತೆ ಹನುಮಕ್ಕ ಹಸುವಿನ ಕೆಳಗೆ ಕೂತಿದ್ದರು. ಹಾಲು ಕರೆಯುವ ಕೈ ನಿಲ್ಲಿಸಲಿಲ್ಲ. ‘ಸಾಯಕ್ಕೆ ಅಂತ ಹಾಕ್ಕೊಂಡಿದ್ದು ಕಣಮ್ಮ’ ಅಂದರು.

ವಿಷಯ ಇಷ್ಟು. ನಮ್ಮ ಮನೆಯವರ ಮುತ್ತಾತ ಚಿಕ್ಕ ವಯಸ್ಸಿಗೇ ಹೋದಾಗ ಅವರದೊಂದು ಫೋಟೊ ಇರಲಿಲ್ಲವಂತೆ. ಪಿತೃಪಕ್ಷದಲ್ಲಿ ಎಡೆ ಇಡುವಾಗ ಮುತ್ತಜ್ಜಿ ಬರೀ ಗೋಡೆ ನೋಡಿಕೊಂಡು, ಅವರ ಮುಖವೇ ಮರೆತುಹೋಗ್ತಾ ಐತಲ್ಲ ಅಂತ ಅಳುತ್ತಿದ್ದರಂತೆ. ಆ ಅಳು ಇನ್ನೊಬ್ಬಳಿಗೆ ಬೇಡ ಅಂತ ಆಗಿನವರೆಲ್ಲ ಸೇರಿ ಒಂದು ಪದ್ಧತಿ ಮಾಡಿಕೊಂಡರು. ಈ ಮನೆಯ ಗಂಡಸಿಗೆ ನಲವತ್ತು ತುಂಬಿದ ತಿಂಗಳಲ್ಲಿ ಮಧುಗಿರಿಗೆ ಕರೆದುಕೊಂಡು ಹೋಗಿ, ಕೋಟು ಹಾಕಿಸಿ, ಫೋಟೊ ತೆಗೆಸಬೇಕು. ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಹಳೇ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಡಬೇಕು. ಅವನು ಹೋದ ದಿನ ಇಳಿಸಿ, ಪೇಪರು ಬಿಚ್ಚಿ, ಹಾರ ಹಾಕಬೇಕು. ಹೆಚ್ಚು ದಿನ ಕಾಯುವ ಕೆಲಸವೂ ಇರುತ್ತಿರಲಿಲ್ಲ. ತಾತ ನಲವತ್ತನಾಲ್ಕಕ್ಕೆ ಹೋದರು, ದೊಡ್ಡಪ್ಪ ನಲವತ್ತೊಂದಕ್ಕೆ, ಮಾವ ನಲವತ್ಮೂರಕ್ಕೆ. ಮೂವರಿಗೂ ಎದೆನೋವು.

ಪ್ರೀತಿಯಿಂದ ಹುಟ್ಟಿದ ಪದ್ಧತಿ, ನಾನೇನು ಇಲ್ಲ ಅನ್ನುವುದಿಲ್ಲ. ಆದರೆ ತನ್ನ ಹಾರದ ಫೋಟೊ ತಲೆ ಮೇಲೆ ಇಟ್ಟುಕೊಂಡು ಅದರ ಕೆಳಗೇ ಕೂತು ಮುದ್ದೆ ನುಂಗುವುದೆಂದರೆ ಏನು? ಇದನ್ನು ನೆನೆಸಿಕೊಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ.

ಅತ್ತೆಗೆ ಮೈ ಉರಿದು ಆಗಲೇ ಎಷ್ಟೋ ವರ್ಷವಾಗಿತ್ತು. ಅವರು ಸಿರಾ ತಾಲ್ಲೂಕಿನ ಒಂದು ಹಳ್ಳಿಯಿಂದ ಹದಿನೆಂಟಕ್ಕೆ ಈ ಮನೆಗೆ ಬಂದವರು. ಮೂವತ್ತೈದಕ್ಕೆ ಗಂಡನನ್ನು ಕಳೆದುಕೊಂಡರು. ಮಗ ಪ್ರಸನ್ನ ಕುಮಾರನಿಗೆ ಆಗ ಹದಿನೈದು. ಹೊಲ ಉಳಲು ಆಳು ಸಿಗದಿದ್ದಾಗ ತಾವೇ ನೇಗಿಲು ಹಿಡಿದರು. ಹೆಂಗಸು ನೇಗಿಲು ಮುಟ್ಟಿದರೆ ಮಳೆಯಾಗುವುದಿಲ್ಲ ಅಂತ ಊರಿನ ದೊಡ್ಡವರು ಬದುವಿನ ಮೇಲೆ ಬಂದು ನಿಂತರಂತೆ. ‘ಮಳೆ ಬರ್ದಿದ್ರೆ ನನ್ನ ಹೊಲಕ್ಕೆ ಬರಾಕಿಲ್ಲ. ನಿಮ್ಮ ಹೊಲಕ್ಕೆ ಬರೋ ಮಳೇನ ನಾನೇನು ಹಿಡ್ಕೊಂಡಿದ್ದೀನಾ? ದಾರಿ ಬುಡಿ’ ಅಂದರಂತೆ ಅತ್ತೆ. ಆ ವರ್ಷ ಮಳೆ ಬಂತೋ ಇಲ್ಲವೋ ನಾನು ಕೇಳಿಲ್ಲ. ನೇಗಿಲಂತೂ ಬಿಡಲಿಲ್ಲ. ಎರಡು ಹಸು ಕಟ್ಟಿ, ಹೊತ್ತಿಗೆ ಸರಿಯಾಗಿ ಡೈರಿಗೆ ಹಾಲು ಹಾಕಿ ಮಗನನ್ನು ಐಟಿಐ ಓದಿಸಿದರು. ನಮ್ಮ ಮನೆಯವರು ಲೈನ್‌ಮ್ಯಾನ್ ಆದರು.

ಆದರೆ ಅತ್ತೆಯ ಎದೆಯಲ್ಲಿ ಒಂದು ಮುಳ್ಳು ಹಾಗೇ ಉಳಿದಿತ್ತು. ಮಾವ ತೀರಿಕೊಂಡ ಹನ್ನೊಂದನೆಯ ದಿನ, ಊಟಕ್ಕೆ ಬಂದಿದ್ದ ಡೈರಿಯ ಚನ್ನಮಲ್ಲಯ್ಯ ಹೇಳಿದರಂತೆ, ಮೂರು ದಿನದಿಂದ ಎಡಗೈ ಜೋಮು, ಎದೆ ಹಿಂಡ್ತದೆ ಅಂತಿದ್ದ ಕಣಕ್ಕ ಅಂತ. ಮನೆಯಲ್ಲಿ ಒಂದು ಮಾತು ಹೇಳಿರಲಿಲ್ಲ. ಹೇಳಪ್ಪ ಹೋಗಿ ಅಂದರೆ, ‘ಬ್ಯಾಡ, ನನ್ನ ಹೆಂಡ್ತಿ ಅಟ್ಟ ನೋಡ್ತಾಳೆ’ ಅಂದಿದ್ದರಂತೆ.

ಇದನ್ನು ನನಗೆ ಹೇಳುವಾಗ ಅತ್ತೆ ಅಳಲಿಲ್ಲ. ‘ನಾನು ನೋಡ್ತಿದ್ದಿದ್ದು ನಿಜ ಕಣಮ್ಮ’ ಅಂದರು. ‘ಅವ್ರು ಒಂದು ಸಲ ಕೆಮ್ಮಿದ್ರೂ ನನ್ನ ಕಣ್ಣು ಅಟ್ಟಕ್ಕೆ ಹೋಗ್ತಿತ್ತು. ನನ್ನ ಕಣ್ಣೇ ಅವ್ರ ಬಾಯಿ ಮುಚ್ಚಿಸ್ಬುಡ್ತು.’

ಈ ಮನೆಯ ಗಂಡಸರಿಗೆ ಇನ್ನೊಂದು ಗುರುತಿತ್ತು. ಹಿಮ್ಮಡಿಯ ಮೇಲೆ, ಮೀನಖಂಡದಿಂದ ಇಳಿದು ಬರುವ ದಪ್ಪ ನರದಲ್ಲಿ ಒಂದು ಗಂಟು. ಮುಟ್ಟಿದರೆ ಗಟ್ಟಿ, ಒತ್ತಿದರೆ ನೋವಿಲ್ಲ. ಮೂವತ್ತರ ಸುಮಾರಿಗೆ ಕಾಣಿಸಿಕೊಳ್ಳುತ್ತಿತ್ತು. ಅದಕ್ಕೆ ಮನೆತನದ ಗಂಟು ಅಂತಲೇ ಹೆಸರು. ಗಂಟು ಮೂಡಿದವನು ಗಟ್ಟಿ ಆಳು, ಎಷ್ಟು ನಡೆದರೂ ಸೋಲುವುದಿಲ್ಲ ಅಂತ ಹೆಮ್ಮೆ. ನಮ್ಮ ಮನೆಯವರಿಗೆ ಗಂಟು ಕಾಣಿಸಿಕೊಂಡಾಗ ಅತ್ತೆಯೇ ಬಂದವರಿಗೆಲ್ಲ ಕಾಲು ತೋರಿಸಿದ್ದರು.

ಅವರಿಗೆ ಮೂವತ್ತೇಳು ನಡೆಯುತ್ತಿದ್ದಾಗ ಕೊಳಾಲದ ಹತ್ತಿರ ಕಂಬದಿಂದ ಇಳಿಯುವಾಗ ಜಾರಿ ಕಾಲು ಉಳುಕಿಸಿಕೊಂಡರು. ಊದಿಕೊಂಡು ಚಪ್ಪಲಿ ಹೋಗುತ್ತಿರಲಿಲ್ಲ. ನಾನೂ ಅತ್ತೆಯೂ ಮಧುಗಿರಿಗೆ ಕರೆದುಕೊಂಡು ಹೋದೆವು. ಅಲ್ಲಿನ ಡಾಕ್ಟರಮ್ಮ ಊದಿದ ಕಾಲು ನೋಡಿದರು. ಆಮೇಲೆ ಊದದ ಕಾಲನ್ನೂ ತೋರಿಸಿ ಅಂದರು. ಎರಡೂ ಹಿಮ್ಮಡಿಯನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದರು.

‘ಅದು ನಮ್ಮ ಮನೆತನದ ಗಂಟು ಕಣಮ್ಮ’ ಅಂದರು ಅತ್ತೆ, ಜಂಬದಲ್ಲಿ. ‘ಇವರಪ್ಪಂಗೂ ಇತ್ತು, ದೊಡ್ಡಪ್ಪಂಗೂ ಇತ್ತು, ತಾತಂಗೂ ಇತ್ತಂತೆ.’

‘ಅವರೆಲ್ಲ ಈಗ ಎಲ್ಲಿದ್ದಾರೆ?’ ಅಂತ ಕೇಳಿದರು ಡಾಕ್ಟರಮ್ಮ.

ಅತ್ತೆಯ ಮುಖ ಇಳಿಯಿತು. ‘ಗೋಡೆ ಮ್ಯಾಲೆ’ ಅಂದರು.

ಅವತ್ತೇ ರಕ್ತ ತೆಗೆದರು. ಎರಡು ದಿನ ಬಿಟ್ಟು ಹೋದಾಗ ಡಾಕ್ಟರಮ್ಮ ಚೀಟಿ ಮುಂದಿಟ್ಟುಕೊಂಡು ನಿಧಾನವಾಗಿ ಹೇಳಿದರು. ಕೆಟ್ಟ ಕೊಲೆಸ್ಟ್ರಾಲ್ ನೂರರ ಆಚೀಚೆ ಇರಬೇಕಾದ್ದು ಇವರಿಗೆ ಇನ್ನೂರ ತೊಂಬತ್ತು ಇದೆ. ಇದು ಊಟದಿಂದ ಬಂದಿದ್ದಲ್ಲ, ಅಪ್ಪನಿಂದ ರಕ್ತದಲ್ಲೇ ಬಂದಿದ್ದು. ಆ ಗಂಟು ಗಟ್ಟಿತನದ್ದಲ್ಲ, ನರದಲ್ಲಿ ಕೂತ ಕೊಲೆಸ್ಟ್ರಾಲು. ಅಲ್ಲಿ ಕೂತ ಹಾಗೆಯೇ ಹೃದಯದ ರಕ್ತನಾಳದಲ್ಲೂ ಕೂರುತ್ತದೆ, ದಾರಿ ಕಟ್ಟುತ್ತದೆ. ನಮ್ಮ ಮನೆಯವರು ಬಡಕಲು ದೇಹದವರು, ಬೀಡಿ ಸಿಗರೇಟು ಮುಟ್ಟಿದವರಲ್ಲ. ‘ನಂಗೆಲ್ಲಿಂದ ಬಂತು ಮೇಡಂ ಕೊಲೆಸ್ಟ್ರಾಲು?’ ಅಂತ ನಕ್ಕರು. ಡಾಕ್ಟರಮ್ಮ ನಗಲಿಲ್ಲ. ಸ್ಟ್ಯಾಟಿನ್ ಅನ್ನುವ ಜಾತಿಯ ಮಾತ್ರೆ ಬರೆದುಕೊಟ್ಟು, ದಿನಕ್ಕೊಂದು, ಒಂದೇ ಹೊತ್ತಿಗೆ, ಬಿಡದೆ, ಜೀವಮಾನ ಪೂರ್ತಿ ಅಂದರು. ನಮ್ಮ ಮಗಳ ರಕ್ತವನ್ನೂ ನೋಡಬೇಕು ಅಂದರು. ಅವಳದು ಸರಿಯಾಗಿದೆ ಅಂತ ಗೊತ್ತಾದ ದಿನ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಅತ್ತುಬಿಟ್ಟೆ.

‘ಅಂಗಾದ್ರೆ ಇದು ಹಣೇಲಿ ಬರ್ದಿದ್ದಲ್ವಾ?’ ಅಂತ ಅತ್ತೆ ಕೇಳಿದರು.

‘ರಕ್ತದಲ್ಲಿ ಬಂದಿದೆ, ಅದು ನಿಜ’ ಅಂದರು ಡಾಕ್ಟರಮ್ಮ. ‘ಏನೂ ಮಾಡೋಕಾಗಲ್ಲ ಅನ್ನೋದು ಮಾತ್ರ ಸುಳ್ಳು. ನೀವು ಮಾತ್ರೆ ನುಂಗಿಸಿ.’

ಬಸ್ಸು ಕೊರಟಗೆರೆಗೆ ಬಂದಾಗ ಅತ್ತೆ ಚೀಲದಿಂದ ಮಾತ್ರೆಯ ಶೀಟು ತೆಗೆದು ಅಂಗೈಯಲ್ಲಿಟ್ಟುಕೊಂಡು ನೋಡಿದರು. ‘ಇಷ್ಟೇ ಇಷ್ಟು’ ಅಂದರು. ‘ಒಂದು ಹುರುಳಿಕಾಳಿನಷ್ಟಿಲ್ಲ. ಇದಕ್ಕಾ ನಾನು ಇಷ್ಟು ವರ್ಷ ಹೆದರ್ಕೊಂಡು ಸತ್ತಿದ್ದು?’

ಮಾರನೆ ದಿನದಿಂದ ಶುರುವಾಯಿತು ಹನುಮಕ್ಕನ ದರಬಾರು. ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬರುವುದು, ಖಾಲಿ ಕ್ಯಾನು ಕೆಳಗಿಡುವುದು, ಮಗನ ಮುಂದೆ ಬಂದು ನಿಲ್ಲುವುದು. ಒಂದು ಕೈಯಲ್ಲಿ ಮಾತ್ರೆ, ಇನ್ನೊಂದರಲ್ಲಿ ನೀರು. ‘ನುಂಗು. ಬಾಯಿ ತೆಗಿ. ನಾಲ್ಗೆ ಎತ್ತು.’ ಎದೆಯೆತ್ತರದ ಮಗಳ ಮುಂದೆ ಮೂವತ್ತೇಳರ ಗಂಡಸು ನಾಲಿಗೆ ಎತ್ತಿ ತೋರಿಸಬೇಕು. ‘ಅವ್ವ, ನಾನೇನು ಮಗೂನಾ?’ ಅಂತ ಅವರು ಸಿಡಿಮಿಡಿಗುಟ್ಟುತ್ತಿದ್ದರು. ‘ಮಗು ಅಲ್ದೆ ಇನ್ನೇನ್ಲಾ? ನಾನು ಇನ್ನೂ ಹೆತ್ತ ನೋವೇ ಮರ್ತಿಲ್ಲ’ ಅನ್ನುತ್ತಿದ್ದರು ಅತ್ತೆ.

ಊರವರ ಬಾಯಿ ಸುಮ್ಮನಿರುತ್ತದೆಯೇ? ಪಕ್ಕದ ಮನೆಯ ಶಿವರುದ್ರಮ್ಮ ದಿನಾ ಬಂದು, ಆ ಮಾತ್ರೆ ಒಂದು ಸಲ ಹಿಡಿದರೆ ಬಿಡೋಂಗಿಲ್ಲವಂತೆ, ಈಲಿ, ಅಂದರೆ ಲಿವರು, ಹಾಳಾಗುತ್ತದಂತೆ, ಬದಲಿಗೆ ಬೆಳ್ಳುಳ್ಳಿ ತಿನ್ನಿಸಿ ಅಂತ ಕಿವಿ ಕೊರೆಯುತ್ತಿದ್ದರು. ‘ಬೆಳ್ಳುಳ್ಳಿ ಹಾಕ್ದೆ ಈ ಮನೇಲಿ ಯಾವ ಸಾರು ಮಾಡಿದ್ದೀನಿ ಶಿವರುದ್ರಿ?’ ಅಂದರು ಅತ್ತೆ. ‘ಮೂವರೂ ಅದನ್ನೇ ತಿಂದು ಹೋದ್ರು. ಈಲಿ ಹೆಂಗೈತೆ ಅಂತ ಡಾಕ್ಟ್ರಮ್ಮ ರಕ್ತದಲ್ಲಿ ನೋಡ್ತಾಳೆ. ನೀನು ನಿನ್ನ ಹಸು ನೋಡ್ಕೊ ಹೋಗು.’ ಶಿವರುದ್ರಮ್ಮ ಒಂದು ತಿಂಗಳು ನಮ್ಮ ಮನೆ ಹೊಸ್ತಿಲು ತುಳಿಯಲಿಲ್ಲ.

ಮೂರು ತಿಂಗಳಿಗೆ ಮತ್ತೆ ರಕ್ತ ನೋಡಿದಾಗ ಅರ್ಧಕ್ಕರ್ಧ ಇಳಿದಿತ್ತು. ಡಾಕ್ಟರಮ್ಮ ಜೊತೆಗೆ ಇನ್ನೊಂದು ಸಣ್ಣ ಮಾತ್ರೆ ಸೇರಿಸಿದರು. ಅತ್ತೆಗೆ ಧೈರ್ಯ ಬಂತು. ಒಂದು ವರ್ಷ ಕಳೆದ ಮೇಲೆ ನಾಲಿಗೆ ನೋಡುವುದು ಬಿಟ್ಟರು. ಮಾತ್ರೆಯ ಶೀಟು ಹೊತ್ತಿಗೆ ಸರಿಯಾಗಿ ಖಾಲಿಯಾಗುತ್ತಿತ್ತು, ಅಷ್ಟು ಸಾಕು ಅಂದುಕೊಂಡೆವು. ನಾನೂ ಮೋಸ ಹೋದೆ, ಅದನ್ನೇನು ಮುಚ್ಚಿಡಲಿ.

ಅವರಿಗೆ ಮೂವತ್ತೊಂಬತ್ತಾದ ವರ್ಷ ಪಿತೃಪಕ್ಷ ಬಂತು. ಎಡೆಯ ಹಿಂದಿನ ದಿನ ಫೋಟೊ ಇಳಿಸಿ ಒರೆಸುವುದು ವಾಡಿಕೆ. ನಮ್ಮ ಕಡೆ ಮನೆಗಳಲ್ಲಿ ಫೋಟೊದ ಹಿಂದೆ ಏನೆಲ್ಲ ಸಿಕ್ಕಿಸುತ್ತಾರೆ ಅನ್ನುವುದು ಗೊತ್ತಿರುವ ವಿಷಯವೇ. ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಮದುವೆ ಕಾಗದ. ಅತ್ತೆ ಮಾವನ ಫೋಟೊ ಇಳಿಸಿದರು. ಹಿಂದಿನಿಂದ ಒಂದು ಪ್ಲಾಸ್ಟಿಕ್ ಕವರು ಕೆಳಗೆ ಬಿತ್ತು. ಗಂಟು ಬಿಚ್ಚಿದರೆ ಒಳಗೆ ಬರೀ ಮಾತ್ರೆ. ಎರಡು ತಿಂಗಳಿಗಿಂತ ಹೆಚ್ಚಿನವು.

ಅತ್ತೆ ಫೋಟೊ ಗೋಡೆಗೆ ಒರಗಿಸಿ, ಕವರನ್ನು ಮಡಿಲಲ್ಲಿಟ್ಟುಕೊಂಡು ಬಾಗಿಲಿಗೆ ಮುಖ ಮಾಡಿ ಕೂತರು. ಮಧ್ಯಾಹ್ನ ಊಟಕ್ಕೆ ಬಂದ ಮಗನ ಮುಂದೆ ಅದನ್ನು ಸುರಿದರು.

‘ಇದೇನ್ಲಾ?’

ನಾನು ಜಗಳಕ್ಕೇ ನಿಂತೆ. ಆಗ ಅವರು ಬಾಯಿ ಬಿಟ್ಟರು. ‘ತೊಡೆ ನೋವು. ಮೀನಖಂಡ ಎಲ್ಲ ಹಿಂಡಿದಂಗೆ ಆಗುತ್ತೆ. ಕಂಬ ಹತ್ತಿದ್ರೆ ಕಾಲು ನಡುಗುತ್ತೆ. ಈ ಮಾತ್ರೆಯಿಂದ್ಲೇ ಅಂಗಾಗುತ್ತೆ ಅಂತ ಲೈನಿನ ಹುಡುಗ್ರು ಹೇಳಿದ್ರು. ಕಂಬದ ಮ್ಯಾಲಿಂದ ಬಿದ್ರೆ ಅವತ್ತೇ ಹೋಗ್ತೀನಿ. ಮಾತ್ರೆ ಬಿಟ್ರೆ ಇನ್ನೂ ಒಂದಷ್ಟು ವರ್ಷ ಇರ್ತೀನಲ್ಲ ಅಂತ ಬುಟ್ಟೆ. ಬಿಸಾಕಕ್ಕೆ ಮನಸ್ಸು ಬರ್ಲಿಲ್ಲ.’

‘ನೋವು ಅಂತ ಒಂದು ಮಾತು ಹೇಳಕ್ಕೆ ಏನಾಗಿತ್ತು ನಿಂಗೆ?’ ಅಂದರು ಅತ್ತೆ.

‘ಹೆಂಗೆ ಹೇಳ್ಲವ್ವ?’ ಅಂದರು ಮಗ. ‘ಈ ಮನೇಲಿ ಗಂಡಸು ನೋವು ಅಂದ್ರೆ ಎಲ್ರೂ ಅಟ್ಟ ನೋಡ್ತೀರಿ.’

ಅದೇ ಮಾತು. ಇಪ್ಪತ್ತನಾಲ್ಕು ವರ್ಷದ ಹಿಂದೆ ಅಪ್ಪ ಡೈರಿಯ ಕಟ್ಟೆ ಮೇಲೆ ಹೇಳಿದ್ದನ್ನೇ ಮಗ ಈಗ ಅಪ್ಪನ ಫೋಟೊದ ಮುಂದೆ ಹೇಳುತ್ತಿದ್ದರು. ಅವರಿಗೆ ಆ ವಿಷಯ ಗೊತ್ತೇ ಇರಲಿಲ್ಲ, ಅತ್ತೆ ನನ್ನೊಬ್ಬಳಿಗೇ ಹೇಳಿದ್ದು. ಅತ್ತೆ ಎದ್ದು ಹಿತ್ತಲಿಗೆ ಹೋದರು. ಸ್ವಲ್ಪ ಹೊತ್ತಿಗೆ ಮುಖ ತೊಳೆದುಕೊಂಡು ಬಂದು, ‘ಉಣ್ಣು. ಉಂಡು ಅಂಗಿ ಹಾಕ್ಕೊ. ಸಂಜೆ ಡಾಕ್ಟ್ರಮ್ಮ ಇರ್ತಾಳೆ’ ಅಂದರು.

ಡಾಕ್ಟರಮ್ಮನಿಗೆ ಅತ್ತೆಯೇ ಮೊದಲು ತಪ್ಪೊಪ್ಪಿಕೊಂಡರು, ನಾನು ನೋಡೋದು ಬಿಟ್ಟೆ ಅಂತ. ಡಾಕ್ಟರಮ್ಮ ಬೈದದ್ದು ಮಗನಿಗೆ. ಕೆಲವರಿಗೆ ಈ ಮಾತ್ರೆಯಿಂದ ಮೈಕೈ ನೋವು ಬರುವುದುಂಟು, ಬಂದರೆ ಬಂದು ಹೇಳಬೇಕು, ಅದಕ್ಕೆ ದಾರಿ ಇದೆ, ನೀವೇ ನಿಮ್ಮಷ್ಟಕ್ಕೆ ನಿಲ್ಲಿಸಿದರೆ ಮಾತ್ರ ಯಾವ ದಾರಿಯೂ ಇಲ್ಲ ಅಂದರು. ಮಾಂಸಖಂಡಕ್ಕೆ ಏನಾದರೂ ಆಗಿದೆಯಾ ಅಂತ ರಕ್ತ ನೋಡಿದರು. ಆಗಿರಲಿಲ್ಲ. ಆದರೂ ಅದೇ ಜಾತಿಯ ಬೇರೆ ಮಾತ್ರೆಗೆ ಬದಲಾಯಿಸಿ, ಕಡಿಮೆಯಿಂದ ಶುರು ಮಾಡಿಸಿ, ಮೆಲ್ಲಗೆ ಏರಿಸಿದರು. ತಿಂಗಳೊಪ್ಪತ್ತಿನಲ್ಲಿ ನೋವು ಇಳಿಯಿತು. ಅವರು ಮತ್ತೆ ನೆಟ್ಟಗೆ ಕಂಬ ಹತ್ತಿದರು. ಅತ್ತೆ ಮತ್ತೆ ನಾಲಿಗೆ ಎತ್ತಿಸಿದರು. ಈ ಸಲ ಅವರು ಸಿಡುಕಲಿಲ್ಲ.

ಇನ್ನೇನು ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಚಿಕ್ಕರಂಗಯ್ಯ ಬಂದರು. ಇವರು ನನ್ನ ಮಾವನ ಅಕ್ಕ ನಾಗರತ್ನಮ್ಮನ ಗಂಡ. ನಮ್ಮ ಮನೆಯವರಿಗೆ ಮಾವ, ನನಗೆ ದೊಡ್ಡಪ್ಪ ಆಗಬೇಕು, ಅತ್ತೆ ಅವರನ್ನು ಅಣ್ಣ ಅನ್ನುತ್ತಾರೆ. ಮಧುಗಿರಿ ಕೋರ್ಟಿನಲ್ಲಿ ಅಮೀನರಾಗಿದ್ದು, ಮನೆಮನೆಗೆ ಸಮನ್ಸ್ ತಲುಪಿಸಿ ನಿವೃತ್ತಿಯಾದವರು. ಈ ಮನೆಯಲ್ಲಿ ಹಿರಿಯ ಗಂಡಸು ಅಂತ ಉಳಿದಿರುವುದು ಅವರೇ. ಯಾಕೆ ಉಳಿದಿದ್ದಾರೆ ಅಂದರೆ ಅವರು ಈ ಮನೆಯ ಅಳಿಯ, ಈ ರಕ್ತ ಅವರದಲ್ಲ.

‘ಪ್ರಸನ್ನಂಗೆ ಈ ತಿಂಗಳು ನಲವತ್ತು ತುಂಬ್ತು’ ಅಂದರು, ಕಾಫಿ ಲೋಟ ಕೆಳಗಿಡುತ್ತ. ‘ಭಾನುವಾರ ಬಾರಮ್ಮ ಹನುಮಕ್ಕ, ಸ್ಟುಡಿಯೋಗೆ ಹೇಳಿ ಬಂದಿದ್ದೀನಿ.’

‘ಅಣ್ಣ ರಿಟೈರಾದ್ರೂ ಸಮನ್ಸ್ ತರೋದು ಬುಡ್ಲಿಲ್ಲ’ ಅಂದರು ಅತ್ತೆ. ‘ಈ ಸಲ ಯಾವ ಕೋರ್ಟಿಂದು? ಯಮಂದಾ?’

ನಾನು ಸೆರಗು ಬಾಯಿಗೆ ಅಡ್ಡ ಹಿಡಿದೆ. ದೊಡ್ಡಪ್ಪನಿಗೆ ನಗು ಬರಲಿಲ್ಲ. ಹಿರಿಯರು ಮಾಡಿದ್ದು, ಬಿಟ್ಟರೆ ಏನಾದರೂ ಆದೀತು, ನಾಳೆ ಒಂದು ಮುಖ ಇಲ್ಲದೆ ಎಡೆ ಇಡಬೇಕಾದೀತು ಅಂತ ಅರ್ಧ ಗಂಟೆ ಹೇಳಿದರು. ನಮ್ಮ ಮನೆಯವರು, ಒಂದು ಫೋಟೊ ತಾನೇ, ತೆಗೆಸಿಬಿಡೋಣ ಅಂದರು. ನನಗೆ ತಡೆಯಲಾಗಲಿಲ್ಲ. ‘ಆ ಫೋಟೊ ಅಟ್ಟ ಹತ್ತಿದ್ರೆ ನಾನು ಬುಕ್ಕಾಪಟ್ಟಣದ ಬಸ್ಸು ಹತ್ತುತೀನಿ’ ಅಂದೆ. ಅತ್ತೆ ನನ್ನ ಕೈ ಒತ್ತಿ, ‘ಬತ್ತೀವಿ ಬುಡಣ್ಣ’ ಅಂದರು. ನನಗೆ ಅತ್ತೆಯ ಮೇಲೆ ಅವತ್ತು ಬಂದ ಸಿಟ್ಟು ಅಷ್ಟಿಷ್ಟಲ್ಲ.

ಭಾನುವಾರ ಹೋದೆವು. ಸ್ಟುಡಿಯೋ ಬೆಟ್ಟದ ಕಡೆಗೆ ಹೋಗುವ ರಸ್ತೆಯಲ್ಲಿದೆ. ಈಗ ನಡೆಸುವವರು ಫಜಲುಲ್ಲಾ ಸಾಹೇಬರು, ಸಿರಾದವರು. ತಾತನ ಫೋಟೊ ತೆಗೆದದ್ದು ಅವರ ತಂದೆ. ಕೋಟನ್ನು ಇವರು ಇನ್ನೂ ಪ್ಲಾಸ್ಟಿಕ್ ಹೊದಿಸಿ ಇಟ್ಟಿದ್ದಾರೆ. ಬೇರೆ ಯಾರೂ ಅದನ್ನು ಕೇಳುವುದಿಲ್ಲವಂತೆ, ನಿಮ್ಮ ಮನೆಯವರಿಗೋಸ್ಕರವೇ ಇಟ್ಟಿರೋದು ಅಂತ ಪ್ರೀತಿಯಿಂದಲೇ ಹೇಳಿದರು. ಪ್ಲಾಸ್ಟಿಕ್ ತೆಗೆದು, ಕೊಡವಿ, ‘ಬನ್ನಿ ಪ್ರಸನ್ನಣ್ಣ’ ಅಂತ ಕೋಟು ಬಿಡಿಸಿ ಹಿಡಿದರು.

ಅತ್ತೆ ಹೋಗಿ ತಮ್ಮ ಕೈ ತೂರಿಸಿದರು.

ಒಂದು ಕೈ, ಆಮೇಲೆ ಇನ್ನೊಂದು ಕೈ. ಸೀರೆಯ ಮೇಲೆ ಕರಿ ಕೋಟು. ತೋಳು ಉದ್ದವಾಗಿ ಬೆರಳು ಮುಚ್ಚಿಹೋಯಿತು. ನೆಟ್ಟಗೆ ಹೋಗಿ ಕುರ್ಚಿಯ ಮೇಲೆ ಕೂತರು.

‘ತೆಗೀರಿ ಸಾಬ್ರೇ’ ಅಂದರು.

‘ಇದೇನಮ್ಮ ಹನುಮಕ್ಕ, ಹುಡುಗಾಟ?’ ಅಂದರು ದೊಡ್ಡಪ್ಪ. ‘ನಿಂಗೆ ಅರವತ್ತು. ಇದು ಗಂಡಸ್ರಿಗೆ ಮಾಡಿರೋ ಪದ್ಧತಿ.’

‘ಅರವತ್ತು ಅಂತಾನೇ ಕೂತಿರೋದು’ ಅಂದರು ಅತ್ತೆ. ‘ನಾನು ಇವನ ಹೆತ್ತೋಳು. ಮೊದ್ಲು ಬಂದೋಳು ನಾನು, ಮೊದ್ಲು ಹೋಗೋಳು ನಾನು. ಅಟ್ಟದಲ್ಲಿ ಜಾಗ ಇದ್ರೆ ಅದು ನಂದು. ನಾನು ಇಳಿದ ಮ್ಯಾಲೆ ಇವನು ಹತ್ತಲಿ, ಬ್ಯಾಡ ಅನ್ನಲ್ಲ. ನನ್ನ ಸರದಿ ತಪ್ಸಿ ನನ್ನ ಮಗನ್ನ ಮುಂದಕ್ಕೆ ಬುಡು ಅಂದ್ರೆ, ನಾನು ಬುಡಾಕಿಲ್ಲ. ಯಾವ ದೇವ್ರು ಬಂದು ಹೇಳಿದ್ರೂ ಬುಡಾಕಿಲ್ಲ.’

ಫಜಲುಲ್ಲಾ ಸಾಹೇಬರು ಕ್ಯಾಮರಾ ಹಿಡಿದುಕೊಂಡು ನಿಂತೇ ಇದ್ದರು. ದೊಡ್ಡಪ್ಪ ಮತ್ತೆ ಪದ್ಧತಿ ಅಂತ ಶುರು ಮಾಡಿದರು.

‘ಅಣ್ಣ’ ಅಂದರು ಅತ್ತೆ, ಈ ಸಲ ಮೆತ್ತಗೆ. ‘ನಮ್ಮ ನಾಗರತ್ನಮ್ಮ ಅತ್ತಿಗೆಗೆ ಹೋದಾಗ ಐವತ್ತಾರು. ಒಲೆ ಮುಂದೆ ಕೂತಿದ್ದೋಳು ಅಲ್ಲೇ ವಾಲ್ಕೊಂಡ್ಳು. ಎಲ್ರೂ ಹೊಟ್ಟೆ ಗ್ಯಾಸು ಅಂದ್ರಿ. ಹೆಣಕ್ಕೆ ನೀರು ಹುಯ್ದೋಳು ನಾನು. ಅವಳ ಹಿಮ್ಮಡೀಲಿ ಗಂಟಿತ್ತು. ಹೆಂಗಸ್ರಿಗೆ ಫೋಟೊ ಇಲ್ಲ ಅಂತ ಅವಳನ್ನ ಯಾರೂ ಈ ಲೆಕ್ಕಕ್ಕೇ ಸೇರಿಸ್ಲಿಲ್ಲ. ನಿನ್ನ ಮಗ ಜಯಕುಮಾರನ ಹಿಮ್ಮಡಿ ಯಾವತ್ತಾದ್ರೂ ನೋಡಿದ್ದೀಯಾ?’

ದೊಡ್ಡಪ್ಪ ಪಕ್ಕದ ಬೆಂಚಿನ ಮೇಲೆ ಕೂತರು. ನೋಡಿದ್ದರು ಅಂತ ಮುಖವೇ ಹೇಳುತ್ತಿತ್ತು. ‘ಆ ಡಾಕ್ಟ್ರಮ್ಮ ನಾಳೆ ಇರ್ತಾರಾ ಅಶ್ವಿನಿ?’ ಅಂತ ನನ್ನನ್ನು ಕೇಳಿದರು. ಇರ್ತಾರೆ ದೊಡ್ಡಪ್ಪ, ನಾನೇ ಜೊತೆಗೆ ಬರ್ತೀನಿ ಅಂದೆ. ಜಯಕುಮಾರನೂ ಈಗ ದಿನಾ ಮಾತ್ರೆ ನುಂಗುತ್ತಾನೆ.

ಫೋಟೊ ತೆಗೆದರು. ನಗಬೇಡಿ ಅಮ್ಮ ಅಂತ ಫಜಲುಲ್ಲಾ ಸಾಹೇಬರು ಹೇಳಿದರೂ ಅತ್ತೆ ನಕ್ಕರು. ಅದನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ, ಪೇಪರಿನಲ್ಲಿ ಸುತ್ತಿ ತಾವೇ ಏಣಿ ಹತ್ತಿ ಅಟ್ಟದ ಮೇಲಿಟ್ಟರು. ಅವತ್ತಿನಿಂದ ನಮ್ಮ ಮನೆಯವರು ತಲೆ ನೋವು, ಕಾಲು ನೋವು, ಎದೆ ಉರಿ, ಹಲ್ಲು ನೋವು ಎಲ್ಲವನ್ನೂ ಬಾಯಿ ಬಿಟ್ಟು ಹೇಳುತ್ತಾರೆ. ಕೆಲವು ಸಲ ಸಾಕಪ್ಪ ಅನ್ನಿಸುವಷ್ಟು ಹೇಳುತ್ತಾರೆ. ಅಟ್ಟ ನೋಡಿದರೆ ಅಲ್ಲಿರುವುದು ಅತ್ತೆ.

ಮಾವ ತೀರಿಕೊಂಡಾಗ ಅವರಿಗೆ ನಲವತ್ಮೂರು ವರ್ಷ, ಏಳು ತಿಂಗಳು, ನಾಲ್ಕು ದಿನ. ಓದು ಬರಹ ಬಾರದ ಅತ್ತೆ ಅದನ್ನು ಅಮಾವಾಸ್ಯೆ ಹುಣ್ಣಿಮೆ ಹಿಡಿದು ಎಣಿಸಿಟ್ಟುಕೊಂಡಿದ್ದರು. ಹೋದ ವರ್ಷ ನಮ್ಮ ಮನೆಯವರಿಗೂ ಸರಿಯಾಗಿ ಅಷ್ಟೇ ವಯಸ್ಸಾಗುವ ದಿನ ಬಂತು. ಅತ್ತೆ ನೀರು ಕೂಡ ಕುಡಿಯದೆ ಕಳೆದರು. ನಾನು ಕೆಲಸ ಮಾಡುವ ಅಂಗನವಾಡಿಗೆ ರಜೆ ಹಾಕಿದ್ದೆ. ನಮ್ಮ ಮನೆಯವರು ಎಂದಿನಂತೆ ಕಂಬ ಹತ್ತಿ, ಇಳಿದು, ಬಂದು, ಎರಡು ಮುದ್ದೆ ಉಂಡು ಮಲಗಿದರು. ಮಾರನೆ ದಿನ ಬೆಳಿಗ್ಗೆ ಎದ್ದು ಹಲ್ಲುಜ್ಜುತ್ತ ಹಿತ್ತಲಲ್ಲಿ ನಿಂತಿದ್ದರು.

ಡೈರಿಗೆ ಹಾಲು ಹಾಕಿ ಬಂದ ಅತ್ತೆ ಕ್ಯಾನು ಕೆಳಗಿಟ್ಟು ಸೀದಾ ನಡುಮನೆಗೆ ಹೋದರು. ಮಾವನ ಫೋಟೊದ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತರು. ನಾನು ಅಡಿಗೆಮನೆಯ ಬಾಗಿಲಲ್ಲಿದ್ದೆ.

‘ನೋಡು’ ಅಂದರು. ‘ನಿನ್ನ ಮಗ ಇವತ್ತಿಂದ ನಿನಗಿಂತ ದೊಡ್ಡೋನು. ಇನ್ಮೇಲೆ ನೀನು ಅವನ ಮಾತು ಕೇಳ್ಬೇಕು. ಅವನು ನೋವು ಅಂದ ಕಣೋ. ಬಾಯಿ ಬಿಟ್ಟು ಅಂದ. ನೀನು ಯಾಕೆ ಅನ್ಲಿಲ್ಲ ನಂಗೆ?’

ಸೆರಗಿನಲ್ಲಿ ಮುಖ ಒರೆಸಿಕೊಂಡರು, ಆಮೇಲೆ ಅದೇ ಸೆರಗಿನಲ್ಲಿ ಫೋಟೊದ ಗಾಜನ್ನೂ ಒರೆಸಿದರು. ಮಾತ್ರೆ ತೆಗೆದುಕೊಂಡು, ಲೋಟಕ್ಕೆ ನೀರು ಬಗ್ಗಿಸಿಕೊಂಡು ಹಿತ್ತಲಿಗೆ ಹೋದರು.

‘ಪ್ರಸನ್ನ, ಬಾಯಿ ತೆಗಿ’ ಅನ್ನುವುದು ಕೇಳಿಸಿತು.